ಕೊಂಬೆಗೆ ಕೈ ಹಾಕುವ ಮುಂಚೆ ಕೇಳಿ

ಮಾನ್ಯ ಸಂಪಾದಕರೇ,

ತಂತಿಗೆ ತಾಗುತ್ತೆ, ಸೂರಿನ ಮೇಲೆ ಬೀಳುತ್ತೆ, ಎಲೆ ಉದುರಿ ಮೋರಿ ಕಟ್ಟಿಕೊಳ್ಳುತ್ತೆ. ಮರ ಸವರಿಸಲು ನಮಗೆಲ್ಲ ಒಂದಲ್ಲ ಒಂದು ಕಾರಣ ಇರುತ್ತದೆ. ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಆ ಮರಕ್ಕೆ ಕಾನೂನಿನ ರಕ್ಷಣೆ ಇದೆಯಾ ಅಂತ ಮೊದಲು ವಿಚಾರಿಸುವವರು ತುಂಬಾ ಕಡಿಮೆ. ನಾನೂ ಸರಿಯಾದ ಕಡೆ ವಿಚಾರಿಸಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಹಿತ್ತಿಲಲ್ಲಿ ಒಂದು ಮಳೆಮರ ಇದೆ. ನಾವು ಆ ಮನೆಗೆ ಬರುವ ಮುಂಚಿನಿಂದಲೂ ಇರುವ ಮರ. ಸಂಜೆಯಾದರೆ ಎಲೆ ಮಡಚಿಕೊಂಡು ನಿಲ್ಲುತ್ತದೆ. ಹೊಸ ಕಾಂಪೌಂಡ್ ಕಟ್ಟಿಸುವಾಗ ಅದರ ದೊಡ್ಡ ಕೊಂಬೆಯೊಂದು ಅಡ್ಡ ಬಂತು, ಪಾಯಕ್ಕೆ ಬೇರೂ ಅಡ್ಡ ಬಂತು. ಮರ ಕಡಿಯುವವರನ್ನು ಕರೆಸಿದೆ. "ಪರ್ಮಿಷನ್ ಏನಾದ್ರೂ ಬೇಕಾ?" ಅಂತ ಅವರನ್ನೇ ಕೇಳಿದೆ. "ಬುಡ ಕಡೀತಿಲ್ವಲ್ಲ ಸಾರ್, ಕೊಂಬೆಗೆಲ್ಲ ಯಾರೂ ಕೇಳಲ್ಲ" ಅಂದರು. ನಾನು ಒಪ್ಪಿಕೊಂಡೆ. ಅರ್ಧ ದಿನದಲ್ಲಿ ಕೊಂಬೆ ಕೆಳಗಿತ್ತು. ತೋಳಿನಷ್ಟು ದಪ್ಪದ ಮೂರು ಬೇರುಗಳೂ ಹೋಗಿದ್ದವು.

ನಾಲ್ಕನೇ ದಿನ ಅಧಿಕಾರಿಯೊಬ್ಬರು ಬಂದರು. ಬೈಯಲಿಲ್ಲ. ಚೀಲದಿಂದ ಟೇಪು ತೆಗೆದು, ಒಂದು ತುದಿ ನನ್ನ ಕೈಗೆ ಕೊಟ್ಟು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ತೆಗೆದುಕೊಂಡರು. ಆಮೇಲೆ ಕೊಂಬೆ ಕಡಿದ ಜಾಗ ತೋರಿಸಿದರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯ ಹಾಗೆ ಒಂದು ಉಬ್ಬು ಇರುತ್ತದೆ. ಕೊಯ್ದ ಗಾಯವನ್ನು ಮುಚ್ಚುವ ಹೊಸ ಕಟ್ಟಿಗೆ ಬೆಳೆಯುವುದು ಅಲ್ಲಿಂದಲೇ. ನಮ್ಮವರು ಆ ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮನಾಗಿ ಕೊಯ್ದಿದ್ದರು. ಕಡಿದ ಜಾಗ ಒಂದು ದೊಡ್ಡ ತಟ್ಟೆಯಷ್ಟು ಅಗಲ, ಇನ್ನೂ ಒದ್ದೆಯಾಗಿತ್ತು. "ಇದು ಮುಚ್ಚಿಕೊಳ್ಳೋದು ಕಷ್ಟ" ಅಂದರು ಅಧಿಕಾರಿ. ಅವರು ದಂಡದ ಮಾತು ಎತ್ತಿದ್ದು ಆಮೇಲೆ. ನನಗೆ ಹೊಟ್ಟೆಯಲ್ಲಿ ಸಂಕಟ ಆದದ್ದು ಮೊದಲನೇ ಮಾತಿಗೇ.

ನೋಟಿಸ್ ಬಂದದ್ದು ನನ್ನ ಹೆಸರಿಗೆ. ಅದು ಸರಿಯೇ. ಕಡಿಸಿದವನು ನಾನು.

ಈಗ ಓದಿ ತಿಳಿದುಕೊಂಡಿದ್ದನ್ನು ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿದೆ. "ನನ್ನ ಜಾಗ, ನನ್ನ ಮರ" ಅನ್ನುವ ಮಾತು ಎಷ್ಟೋ ಕಡೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನೇ ನೋಡಿ. ಸ್ವಂತ ಜಾಗದ ಮರವಾದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಮೊದಲೇ ಬೇಕು. ಕಡಿಯುವವರಿಗೆ ಹೇಗೋ, ಕಡಿಸುವವರಿಗೂ ಹಾಗೇ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ, ಆದರೆ ನಮ್ಮ ಮರ ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡಬೇಕು ತಾನೇ?

ಕೊಂಬೆಯ ವಿಷಯದಲ್ಲಂತೂ ಜಾಸ್ತಿ ಜನ ಎಡವುತ್ತಾರೆ. ದೆಹಲಿಯ 1994ರ ಕಾಯ್ದೆಯಲ್ಲಿ "ಮರ ಕಡಿಯುವುದು" ಅಂದರೆ ಬುಡ ಉರುಳಿಸುವುದು ಮಾತ್ರ ಅಲ್ಲ. ಕೊಂಬೆ ಸವರುವುದು, ತಲೆ ಬೋಳಿಸುವುದು, ಸುತ್ತಲೂ ತೊಗಟೆ ಸುಲಿಯುವುದು, ಮರ ಸಾಯುವ ಔಷಧಿ ಹಾಕುವುದು, ಸುಡುವುದು ಎಲ್ಲವೂ ಅದರಲ್ಲೇ ಬರುತ್ತದೆ. ಇಂಗ್ಲೆಂಡಿನಲ್ಲಿ ಒಂದೊಂದು ಮರಕ್ಕೂ ಬೇರೆಯೇ ರಕ್ಷಣಾ ಆದೇಶ ಹೊರಡಿಸಬಹುದು. ಅಂಥ ಮರದ ಬೇರು ಕತ್ತರಿಸಿದರೂ ತಪ್ಪೇ. ಬೇರಿನ ಮಾತು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮರದ ಹೆಚ್ಚಿನ ಬೇರುಗಳು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಹರಡಿರುತ್ತವೆ, ನೆರಳು ಬೀಳುವ ಜಾಗ ದಾಟಿ ಹೋಗಿರುತ್ತವೆ. ಪೈಪಿಗೆ, ಕೇಬಲ್‌ಗೆ, ಪಾಯಕ್ಕೆ ಅಂತ ನಾವು ಅಗೆಯುವುದೂ ಅಷ್ಟೇ ಆಳದಲ್ಲಿ.

ಅಳತೆಯನ್ನೂ ಕಣ್ಣಂದಾಜಿಗೆ ಬಿಡಬೇಡಿ. ಇಂಗ್ಲೆಂಡಿನ ಸಂರಕ್ಷಿತ ಬಡಾವಣೆಗಳಲ್ಲಿ ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡ 7.5 ಸೆಂ.ಮೀ.ಗಿಂತ ದಪ್ಪ ಇದ್ದರೆ 6 ವಾರ ಮುಂಚೆ ತಿಳಿಸಬೇಕು. ಸಿಂಗಪುರದ ಮರ ಸಂರಕ್ಷಣಾ ಪ್ರದೇಶಗಳಲ್ಲಿ ಅರ್ಧ ಮೀಟರ್ ಎತ್ತರದಲ್ಲಿ ಸುತ್ತಳತೆ 1 ಮೀಟರ್ ದಾಟಿದರೆ ಅನುಮತಿ ಬೇಕು. ಒಂದು ಕಡೆ ಲೆಕ್ಕ ವ್ಯಾಸದ್ದು, ಇನ್ನೊಂದು ಕಡೆ ಸುತ್ತಳತೆಯದ್ದು. ಅದಲುಬದಲಾದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

ಹಾಗಾದರೆ ಕೇಳುವುದು ಯಾರನ್ನು? ಕಡಿಯುವವರನ್ನಲ್ಲ, ಪಕ್ಕದ ಮನೆಯವರನ್ನೂ ಅಲ್ಲ. ಅನುಮತಿ ಕೊಡುವ ಅಧಿಕಾರ ಯಾವ ಕಚೇರಿಗೆ ಇದೆಯೋ ಅದನ್ನೇ ಕೇಳಿ. ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ. ಮರದ ಜಾತಿ, ಅಳತೆ, ನಿಂತಿರುವ ಜಾಗ, ಯಾವ ಕೊಂಬೆ, ಎಷ್ಟು ಅಂತ ಸ್ಪಷ್ಟವಾಗಿ ಬರೆದು ಫೋಟೋ ಲಗತ್ತಿಸಿ. ಗೂಡಿದೆಯಾ ಅಂತಲೂ ಒಮ್ಮೆ ತಲೆ ಎತ್ತಿ ನೋಡಿ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕಾಡು ಹಕ್ಕಿಗಳ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದೂ ಸೇರಿದೆ.

ಗಾಳಿಗೆ ಕೊಂಬೆ ಮುರಿದು ನೇತಾಡುತ್ತಿದ್ದರೆ ವಾರಗಟ್ಟಲೆ ಕಾಯಲು ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜೀವಕ್ಕೆ ಅಪಾಯ ಇದ್ದಾಗ ಕಾಯಿ ಅಂತ ಯಾರೂ ಹೇಳಬಾರದು. ಇಂಥ ಸಂದರ್ಭಕ್ಕೆ ಇಂಗ್ಲೆಂಡಿನ ನಿಯಮದಲ್ಲಿ ವಿನಾಯಿತಿ ಇದೆ, ಆದರೆ ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟೇ ತೆಗೆಯಬೇಕು. ಆ ಸ್ಥಿತಿಯಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಎಲ್ಲಿದ್ದರೂ ಒಳ್ಳೆಯದು. ಒಂದು ಕೊಂಬೆ ಮುರಿದಿದೆ ಅಂತ ಇಡೀ ಮರ ಉರುಳಿಸಿದರೆ ಆಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಕಚೇರಿಗಳಲ್ಲೂ ಒಂದು ಕೋರಿಕೆ. ಯಾವ ಮರಕ್ಕೆ ರಕ್ಷಣೆ ಇದೆ, ಯಾರನ್ನು ಕೇಳಬೇಕು, ಎಷ್ಟು ದಿನ ಹಿಡಿಯುತ್ತೆ ಅನ್ನುವುದನ್ನು ಜನರಿಗೆ ಸುಲಭವಾಗಿ ಸಿಗುವ ಹಾಗೆ ಹಾಕಿ. ಮರ ಕಡಿಯುವ ಕಸುಬಿನವರು ಅನುಮತಿ ಪತ್ರದ ಪ್ರತಿ ಕೈಗೆ ಬಾರದೆ ಏಣಿ ಹತ್ತಬೇಡಿ. ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಈ ವಿವರಕ್ಕೆ ಒಂದು ಸಣ್ಣ ಜಾಗ ಕೊಟ್ಟರೆ ನನ್ನ ಹಾಗೆ ಎಷ್ಟೋ ಜನ ತಪ್ಪು ಮಾಡುವ ಮುಂಚೆಯೇ ನಿಲ್ಲುತ್ತಾರೆ.

ನಮ್ಮ ಮಳೆಮರ ಬದುಕಿದೆ. ಬೇರು ಕಡಿದ ಕಡೆ ಎಲೆ ತೆಳ್ಳಗಾಗಿದೆ. ಈಗ ಇನ್ನೊಂದು ಕೊಂಬೆ ಸೂರಿನ ಕಡೆ ಬಾಗುತ್ತಿದೆ. ಫೋಟೋ, ಅಳತೆ ಎಲ್ಲ ಸೇರಿಸಿ ಅರ್ಜಿ ಕೊಟ್ಟು ಮೂರು ವಾರ ಆಯಿತು. ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ನಿಮ್ಮ ಖಾಯಂ ಓದುಗ