ಕರಡಿಗೆ, ನೀನು ಅಂಟಿಸಿದ ಬ್ಯಾಂಡ್ ಬಗ್ಗೆ

ಲೋ ಕರಡಿ,

ಊರೆಲ್ಲ ಓದಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ.

ಸ್ವೀಡನ್ನಿನ ಲುಂಡ್ ಊರಿನ ನಿನ್ನ ಆ ರೇಡಿಯೊ ಡಿಪಾರ್ಟ್‌ಮೆಂಟ್ ಬ್ಯಾಂಡ್ ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗ 2016ರ ‘ರನ್ನಿಂಗ್ ಔಟ್ ಆಫ್ ಲವ್’ ಹಿಡಿದು ಕೂತಿದ್ದೇನೆ. ನಿದ್ದೆ ಬರಲಿ ಅಂತ ಹಾಕಿಕೊಳ್ಳುತ್ತಿದ್ದ ಆಲ್ಬಮ್. ಡ್ರೀಮ್ ಪಾಪ್ ಅಂದರೆ ಹಾಗೇ ಅಲ್ವಾ? ಮೇಲೆಲ್ಲ ಸಿಂತ್ ಅನ್ನೋ ಎಲೆಕ್ಟ್ರಾನಿಕ್ ಕೀಬೋರ್ಡು, ಅದರಡಿ ಎಲ್ಲೋ ಗಾಯಕ ಯೋಹಾನ್ ಡಂಕನ್‌ಸನ್ ದನಿ, ಪಕ್ಕದ ರೂಮಿನಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಿರುವ ಹಾಗೆ.

ಮೊನ್ನೆ ಬಸ್ಸಿನಲ್ಲಿ ಸಾಹಿತ್ಯ ಓದಿಕೊಂಡು ಕೇಳಿದೆ. ಮಾರಾಯ! ಮೊದಲ ಹಾಡಿನ ಹೆಸರೇ ಫ್ಯಾಸಿಸ್ಟರ ವಿರುದ್ಧ ಹೋರಾಡಿದ ಯುಗೊಸ್ಲಾವಿಯದ ಗೆರಿಲ್ಲಾಗಳ ಘೋಷಣೆಯಿಂದ ಬಂದದ್ದು. ಇನ್ನೊಂದು ‘ಸ್ವೀಡಿಷ್ ಗನ್ಸ್’, ಊರಿಗೆಲ್ಲ ಬಂದೂಕು ಮಾರುವ ತಮ್ಮದೇ ದೇಶದ ಮೇಲೆ. (1986ರಲ್ಲಿ ಸ್ವೀಡನ್ನಿನದೇ 410 ಬೋಫೋರ್ಸ್ ಫಿರಂಗಿಗೆ ಆರ್ಡರ್ ಕೊಟ್ಟ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.) ವಲಸೆಯನ್ನು ವಿರೋಧಿಸುವ ಸ್ವೀಡನ್ ಡೆಮಾಕ್ರಾಟ್ಸ್ 2010ರಲ್ಲಿ ಮೊದಲ ಸಲ ಸಂಸತ್ತಿಗೆ ಬಂದರು. 2014ರಲ್ಲಿ ಶೇ. 12.9 ವೋಟು, ಮೂರನೇ ದೊಡ್ಡ ಪಕ್ಷ. ಆ ಸಿಟ್ಟೆಲ್ಲ ಈ ಆಲ್ಬಮ್ಮಿನಲ್ಲಿದೆ. ಆದರೂ ಒಂದು ಕಡೆಯೂ ದನಿ ಏರುವುದಿಲ್ಲ. ಕುಣಿಯೋ ಬೀಟ್ ಬೇರೆ!

ಅದೇ ಕುಟುಕಿದ್ದು. ನನ್ನ ಸಿಟ್ಟೂ ಈಗ ಇಷ್ಟೇ ಮೆತ್ತಗಾಗಿದೆ. ಆಫೀಸಿನಲ್ಲಿ ತಲೆಯಾಡಿಸುತ್ತೇನೆ. ಫ್ಯಾಮಿಲಿ ಗ್ರೂಪಿನಲ್ಲಿ ನಗುವ ಮುಖ ಹಾಕಿ ದಾಟಿಬಿಡುತ್ತೇನೆ. ಅವರದ್ದಾದರೂ ಸಾಹಿತ್ಯ ಹುಡುಕಿ ಓದಬಹುದು. ನನ್ನದನ್ನು ಎಲ್ಲಿ ಓದುತ್ತಾರೆ? ನೀನು ಹೊರಟಾಗ ಏರ್‌ಪೋರ್ಟಿನಲ್ಲಿ ಜೋಕ್ ಹೊಡೆದು ಕಳಿಸಿದೆನಲ್ಲ, ಆಗಲೂ ಸಿಟ್ಟಿತ್ತು ಕಣೋ. ಟಿಕೆಟ್ ಬುಕ್ ಆದಮೇಲೆ ಹೇಳಿದೆ ನೀನು. ಅಪ್ಪ ಹಾಸಿಗೆ ಹಿಡಿದಿದ್ದ ವರ್ಷ ಅದು. ಮನೆಯಲ್ಲಿ ನಾನು ಧೈರ್ಯ ಹೇಳುವವನು. ನಿನ್ನ ಹತ್ತಿರ ಮಾತ್ರ ಹೆದರಿಕೆ ಆಗ್ತಿದೆ ಅನ್ನಬಹುದಿತ್ತು. ಆಮೇಲೆ ಯಾರಿಗೂ ಅನ್ನಲಿಲ್ಲ.

ಅಯ್ಯೋ, ಬರೆಯೋಕೆ ಕೂತಿದ್ದು ಸಿಂತ್ ಬಗ್ಗೆ. ಕಾಮೆಂಟಿನಲ್ಲಿ ಯಾರೂ ಅಳುವ ಮುಖ ಹಾಕಬೇಡಿ, ಸ್ವೀಡನ್ ಬಗ್ಗೆ ಮಾತಾಡಿ. ನೀನು ಮಾತ್ರ ಈ ಸಲ ಹೆಬ್ಬೆರಳು ಕಳಿಸಿದೆಯೋ, ಬಾಳೆಹಣ್ಣಿನ ಫೋಟೊ ಇಲ್ಲೇ ಹಾಕುತ್ತೇನೆ. ನಿನ್ನ ಹೆಂಡತಿ ಇನ್ನೂ ನೋಡಿಲ್ಲ ಅಲ್ವಾ?

ನಿನ್ನ
ಮೂಲಂಗಿ