ಅಣ್ಣಿಗೇರಿಯ ಬಳಿ ನೆರವಾದ ಹಿರಿಯರಿಗೆ

ಗದಗದಿಂದ ಹುಬ್ಬಳ್ಳಿಗೆ ಉಳ್ಳಾಗಡ್ಡಿ ಹೇರಿಕೊಂಡು ಬರುವಾಗ, ಅಣ್ಣಿಗೇರಿಯ ಹತ್ತಿರ ನನ್ನ ಹಳೆಯ ಡೀಸೆಲ್ ಪಿಕಪ್‌ನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಮೈಭಾರವನ್ನೆಲ್ಲ ಹಾಕಿ ತುಳಿದರೂ ಗಾಡಿ ಬಹಳ ದೂರ ಹೋಗಿ ನಿಂತಿತು. ನನ್ನನ್ನು ಕಂಡು ಬೈಕ್ ನಿಲ್ಲಿಸಿದ ಹಿರಿಯರೊಬ್ಬರು, ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ಆಮೇಲೆ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಲು ಹೇಳಿದರು. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಸಿಗುತ್ತಿದ್ದರೆ ಆಗ ಪೆಡಲ್ ತುಸು ಕೆಳಗಿಳಿಯಬೇಕು. ನನ್ನದು ಕದಲಲಿಲ್ಲ.

ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿನಂತೆ ತಾನಾಗಿ ಸಾಕಷ್ಟು ವ್ಯಾಕ್ಯೂಮ್ ಕೊಡದ ಕಾರಣ ಅದಕ್ಕೆ ಪ್ರತ್ಯೇಕ ಪಂಪ್ ಇರುತ್ತದೆ. ನನ್ನ ಗಾಡಿಯಲ್ಲಿ ಆಲ್ಟರ್ನೇಟರ್‌ನ ಹಿಂಬದಿಗಿರುವ ಆ ಪಂಪಿನಿಂದ ಬೂಸ್ಟರ್‌ವರೆಗಿನ ರಬ್ಬರ್ ಪೈಪನ್ನು ಅವರು ಬೆರಳಿನಿಂದ ಸವರುತ್ತ ಹೋದರು. ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಅದು ಉಗುರು ಹೊಗುವಷ್ಟು ಸೀಳಿತ್ತು. ಸೀಳಿದ ತುದಿಯನ್ನು ಕೊಯ್ದು, ಪೈಪನ್ನು ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿದ ಮೇಲೆ ಪೆಡಲ್ ನನ್ನ ಕಾಲಡಿ ಮೆತ್ತಗೆ ಇಳಿಯಿತು. ನಾನಾಗಿದ್ದರೆ ಬೂಸ್ಟರನ್ನೇ ಬದಲಿಸಲು ಹೊರಡುತ್ತಿದ್ದೆ.

"ಇದು ಸದ್ಯಕ್ಕಷ್ಟರೀ ತಮ್ಮಾ, ಹೊಸ ಪೈಪ್ ಹಾಕಸ್ರಿ, ಬೂಸ್ಟರಿಗೆ ಗಾಳಿ ವಾಪಸ್ ಹೋಗದಂಗ ತಡಿಯೋ ಚೆಕ್ ವಾಲ್ವನೂ ನೋಡಸ್ರಿ" ಎಂದು ಹೇಳಿ, ಒಂದು ರೂಪಾಯಿಯನ್ನೂ ಮುಟ್ಟದೆ ಹೊರಟುಹೋದರು. ಎರಡೂ ಕೆಲಸ ಮಾಡಿಸಿದ್ದೇನೆ. ಹೆಸರು ಕೇಳುವಷ್ಟೂ ಸಮಯ ಕೊಡದ ಆ ಹಿರಿಯರಿಗೆ ನನ್ನ ಮತ್ತು ನನ್ನ ಮನೆಯವರೆಲ್ಲರ ಹೃತ್ಪೂರ್ವಕ ನಮಸ್ಕಾರಗಳು.