ಮೂರು ಸುತ್ತು ಗುಂಡು, ಒಂದು ಚೆಂಡು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಗೆದ್ದಿದ್ದನ್ನು ಮನಸಾರೆ ಬರೆದಿದ್ದೀಯ. ಆದರೆ ಎರಡನೇ ಪ್ಯಾರಾದಲ್ಲಿ ತಡವರಿಸಿದೆ. 'ನೆಟ್ ಬಳಿ ಗುಂಡಿನ ಸುರಿಮಳೆಗರೆದರು' ಅಂದಿದ್ದೀಯಲ್ಲ, ಅದು ಇಂಗ್ಲಿಷಿನ ವಾಲಿ (volley) ಪದಕ್ಕೆ ನಿಘಂಟಿನಲ್ಲಿ ಮೊದಲು ಕಣ್ಣಿಗೆ ಬೀಳೋ ಅರ್ಥ. ಬಂದೂಕಿನ ಅರ್ಥ ಅದು, ರ‍್ಯಾಕೆಟ್ಟಿನದ್ದಲ್ಲ.

ಎರಡು ಅರ್ಥಕ್ಕೂ ಬೇರು ಒಂದೇ, ಹಾರುವುದು ಅನ್ನೋ ಲ್ಯಾಟಿನ್ ಮಾತು. ಆದರೆ ಯುದ್ಧದಲ್ಲಿ ಆ ಪದದ ಜೀವ ಇರುವುದು 'ಎಲ್ಲರೂ ಒಟ್ಟಿಗೆ' ಅನ್ನುವುದರಲ್ಲಿ. ಹಳೇ ಮಸ್ಕೆಟ್ ಬಂದೂಕಿಗೆ ಗುರಿ ನಿಲ್ಲುತ್ತಿರಲಿಲ್ಲ. ಒಬ್ಬನೇ ಹೊಡೆದರೆ ಗುಂಡು ಎಲ್ಲಿಗೋ ಹೋಗುತ್ತಿತ್ತು, ಅದಕ್ಕೇ ಸಾಲಾಗಿ ನಿಂತು ಒಂದೇ ಕೂಗಿಗೆ ಎಲ್ಲರೂ ಹೊಡೆಯುತ್ತಿದ್ದರು. ಮತ್ತೆ ಮದ್ದು ತುಂಬಲು ಹೊತ್ತು ಬೇಕಲ್ವಾ? 1594ರಲ್ಲಿ, ಡಚ್ ಸೇನೆ ನಡೆಸುತ್ತಿದ್ದ ನಾಸೌ ಮನೆತನದ ವಿಲಿಯಂ ಲೂಯಿ ತನ್ನ ದಾಯಾದಿ ಮಾರಿಸ್‌ಗೆ ಬರೆದ ಕಾಗದದಲ್ಲಿ ಚಿತ್ರ ಬಿಡಿಸಿ ಒಂದು ಉಪಾಯ ತೋರಿಸಿದ: ಮುಂದಿನ ಸಾಲು ಹೊಡೆದು ಹಿಂದಕ್ಕೆ ಹೋಗಿ ಮದ್ದು ತುಂಬಲಿ, ಅಷ್ಟರಲ್ಲಿ ಅದರ ಹಿಂದಿನ ಸಾಲು ಹೊಡೆಯಲಿ.

ಈ 'ಎಲ್ಲರೂ ಒಟ್ಟಿಗೆ' ಅನ್ನುವುದನ್ನು ನಾನು ಕಲಿತಿದ್ದು ತಪ್ಪು ಮಾಡಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ ಒಬ್ಬ ಯೋಧರ ಅಂತ್ಯಕ್ರಿಯೆಯ ಸುದ್ದಿ ಕನ್ನಡಕ್ಕೆ ತರುವಾಗ 'ಮೂರು ಗುಂಡು ಹಾರಿಸಿದರು' ಅಂತ ಬರೆದುಬಿಟ್ಟೆ. ಆಮೇಲೆ ಇನ್ನೊಂದು ಊರಿನಲ್ಲಿ ಅಂಥದ್ದೇ ಅಂತ್ಯಕ್ರಿಯೆಗೆ ಹೋಗಿ ನಿಂತಾಗ ಗೊತ್ತಾಯಿತು. ಆಜ್ಞೆ ಬಿತ್ತು, ಬಂದೂಕುಗಳೆಲ್ಲ ಮುಗಿಲಿಗೆ ಎದ್ದವು, ಸಾಲಿಗೆ ಸಾಲೇ ಒಂದೇ ಸದ್ದಾಗಿ ಸಿಡಿಯಿತು. ಪಕ್ಕದಲ್ಲಿದ್ದ ಮಗು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿತು. ಹೀಗೆ ಮೂರು ಸಲ. ಮೂರು ಗುಂಡಲ್ಲ, ಮೂರು ಸುತ್ತು. ಈ 'ಸುತ್ತು' ನಮ್ಮ ಸುದ್ದಿಗಳಲ್ಲಿ ಮೊದಲಿನಿಂದಲೂ ಇದೆ, ನಾನೇ ಗಮನಿಸಿರಲಿಲ್ಲ.

ಟೆನಿಸ್‌ನಲ್ಲಿ ಎಷ್ಟು ಅನ್ನುವ ಲೆಕ್ಕವೇ ಇಲ್ಲ. ಇರುವುದು ಒಂದೇ ಚೆಂಡು. ಅದು ನೆಲ ಮುಟ್ಟಿ ಪುಟಿಯುವ ಮೊದಲೇ ಹೊಡೆದರೆ ವಾಲಿ. ಡಬಲ್ಸ್ ಆಟದ ಅರ್ಧ ಜೀವ ಅಲ್ಲೇ ಇದೆ. ಜೋರಾಗಿ ಹೊಡೆಯಬೇಕು ಅಂತಲೂ ಇಲ್ಲ, ಎಷ್ಟೋ ಸಲ ರ‍್ಯಾಕೆಟ್ ಸುಮ್ನೆ ಅಡ್ಡ ಹಿಡಿದರೆ ಸಾಕು, ಚೆಂಡು ಅದರ ವೇಗದಲ್ಲೇ ವಾಪಸ್ ಹೋಗಿ ನೆಟ್ ಆಚೆ ಮೆತ್ತಗೆ ಬೀಳುತ್ತದೆ. ಇಷ್ಟು ನಾಜೂಕಾದ ಕೈಚಳಕಕ್ಕೆ ಗುಂಡಿನ ಸುರಿಮಳೆ ಅಂದರೆ ಆಟವೇ ಮರೆಯಾಗುತ್ತದೆ, ನನಗೆ ಅದೇ ಸಂಕಟ. ನಮ್ಮ ಹಳ್ಳಿ ಹುಡುಗರು ಸಂಜೆ ಬಲೆ ಕಟ್ಟಿ ಆಡೋ ವಾಲಿಬಾಲ್‌ಗೂ ಹೆಸರು ಬಂದಿದ್ದು ಹೀಗೇ. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಈ ಆಟ ಶುರುಮಾಡಿದಾಗ ಇಟ್ಟ ಹೆಸರು ಮಿಂಟೊನೆಟ್. ಚೆಂಡು ಕೆಳಗೆ ಬೀಳದೆ ಆಚೀಚೆ ಹಾರುವುದನ್ನು ನೋಡಿ ಮರುವರ್ಷ ಹೆಸರು ಬದಲಾಯಿತು.

ವಾಲಿ ಅಂತಲೇ ಬರೆದರೂ ಪರವಾಗಿಲ್ಲ, ಆಟ ನೋಡುವವರಿಗೆ ಗೊತ್ತು. ಆದರೆ ಒಂದು ಸಲವಾದರೂ 'ಪುಟಿಯುವ ಮೊದಲೇ' ಅಂತ ಬಿಡಿಸಿ ಹೇಳು, ಅಜ್ಜಿಗೂ ಕಾಣುತ್ತದೆ.

ಆ ಫೈನಲ್‌ನ ವಿಡಿಯೋ ಇನ್ನೊಮ್ಮೆ ಹಾಕಿಕೊಂಡು ಬೋಪಣ್ಣನವರ ಮಣಿಕಟ್ಟು ಮಾತ್ರ ನೋಡು. ಎರಡನೇ ಪ್ಯಾರಾ ಹೊಸದಾಗಿ ಬರೆದು ಭಾನುವಾರದೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ